ಒಂದು ಮುಷ್ಟಿ ಸೌತೆಬೀಜ

ಏಳು ಹಳ್ಳ ದಾಟಿ, ಏಳು ದಿನ್ನೆ ಹತ್ತಿಳಿದರೆ ಒಂದು ಅರಮನೆ ಇತ್ತಂತೆ. ಅದಕ್ಕೆ ಎರಡು ಗೋಪುರ. ಎಡಗೋಪುರದಲ್ಲಿ ಅಕ್ಕ, ಬಲಗೋಪುರದಲ್ಲಿ ತಂಗಿ. ಕಟ್ಟಿದವನಿಗೆ ಅದೇನು ತಿಕ್ಕಲೋ, ಎಡಗೋಪುರದ ಅಕ್ಕನಿಗೆ ಬಲಬಾಗಿಲಿನ ಕೀಲಿ ಕೊಟ್ಟಿದ್ದ, ಬಲಗೋಪುರದ ತಂಗಿಗೆ ಎಡಬಾಗಿಲಿನ ಕೀಲಿ. ಬೆಳಗಾದರೆ ಇಬ್ಬರೂ ತಮ್ಮ ತಮ್ಮ ಕಿಟಕಿಯಲ್ಲಿ ಕೂತು ದೂರದ ಬಾಗಿಲು ತೆಗೆಯುವರು, ಬೈಗಾದರೆ ಹಾಕುವರು. ಹೀಗಿರುವಾಗ ಒಂದು ದಿನ ಎಡಗೋಪುರಕ್ಕೆ ನೀರು ತರುವ ಕಾಲುವೆಯಲ್ಲಿ ಎಲ್ಲಿಂದಲೋ ತೇಲಿಬಂದ ಹೆಂಟೆಯೊಂದು ಸಿಕ್ಕಿಕೊಂಡಿತು. ನೀರು ನಿಂತಿತು. ಅಕ್ಕ ಕೂತಲ್ಲೇ ನಿದ್ದೆ ಹೋದಳು. ಬಲಬಾಗಿಲು ಹಾಕಿದ್ದು ಹಾಕಿದ ಹಾಗೆಯೇ ಉಳಿಯಿತು.

ಇಲ್ಲಿ ನೀವು ಹೂಂ ಅನ್ನಬೇಕು. ಕೇಳುವವರು ಹೂಂ ಅನ್ನದೆ ಕಥೆ ಮುಂದಕ್ಕೆ ಹೋಗುವುದಿಲ್ಲ.

ಇದು ನನ್ನನ್ನು ಸಾಕಿದ ಅಜ್ಜಿ ಮರೆವ್ವ ಹೇಳಿದ ಕಥೆಯಲ್ಲ. ಅವಳ ಧಾಟಿ ಹಿಡಿದು ನಾನೇ ಕಟ್ಟಿಕೊಂಡದ್ದು. ಗೋಪುರಗಳು ಇರುವುದು ನನ್ನ ತಲೆಯೊಳಗೆ. ಹೆಂಟೆಯೆಂದರೆ ಹೆಪ್ಪುಗಟ್ಟಿದ ಒಂದು ಹನಿ ರಕ್ತ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ನನ್ನ ಹೃದಯದ ಒಂದು ಕವಾಟ ಕೆಟ್ಟಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಆ ಹನಿ ಅಲ್ಲಿಂದಲೇ ಮೆದುಳಿಗೆ ತೇಲಿಬಂದದ್ದು. ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿನ್ನುತ್ತಿದ್ದಾಗ ಚಮಚ ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದೆ. ಕೈ ನನ್ನ ಜೊತೆ ಬರಲಿಲ್ಲ.

ಮಾತು ಎಂಟು ದಿನಕ್ಕೆ ತಿರುಗಿ ಬಂತು. ಕಾಲು ಎರಡು ತಿಂಗಳಿಗೆ ಬಂತು, ಸ್ವಲ್ಪ ಎಳೆಯುತ್ತದೆ. ಕವಾಟವನ್ನು ಆಸ್ಪತ್ರೆಯವರು ರಿಪೇರಿ ಮಾಡಿದರು. ಬಲಗೈ ಮಾತ್ರ ಭುಜದಿಂದ ಇಳಿಬಿಟ್ಟ ಚೀಲದ ಹಾಗೆ ಇತ್ತು. ಹೆಬ್ಬೆರಳು ಒಮ್ಮೊಮ್ಮೆ ಮಿಸುಕುತ್ತಿತ್ತು, ಅಷ್ಟೇ.

ಮರೆವ್ವನ ಕಥೆಗೆ ಇನ್ನೊಂದು ಕರಾರಿತ್ತು. ಕೇಳುವವರು ಹೂಂ ಅಂದರೆ ಸಾಲದು, ಕೈಯಲ್ಲಿ ಸೌತೆಬೀಜ ಹೊಸೆಯುತ್ತಿರಬೇಕು. ಸೌತೆಬೀಜ ಅಂದರೆ ಸೌತೆಕಾಯಿಯೊಳಗಿನದಲ್ಲ. ಚಿರೋಟಿ ರವೆಯನ್ನು ಗಟ್ಟಿಯಾಗಿ ನಾದಿ, ಜೋಳದ ಕಾಳಿನಷ್ಟು ಹಿಟ್ಟು ಚಿವುಟಿ, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದರೆ ಎರಡೂ ತುದಿ ಚೂಪಾದ ಒಂದು ಬೀಜ ಉದುರುತ್ತದೆ. ಒಣಗಿಸಿಟ್ಟರೆ ವರ್ಷವಿಡೀ ಪಾಯಸಕ್ಕಾಗುತ್ತದೆ. ರಾಜಕುಮಾರಿ ಹುಲಿಯ ಗವಿಯ ಬಾಯಿಗೆ ಬಂದು ನಿಂತಿರುವಾಗ ನಾನು ಬೆರಗಾಗಿ ಹೊಸೆಯುವುದನ್ನು ಬಿಟ್ಟರೆ ಅಜ್ಜಿಯೂ ನಿಲ್ಲಿಸುತ್ತಿದ್ದಳು.

"ಕೈ ನಿಂತಿತು ನೋಡ. ಕಥಿನೂ ನಿಂತಿತು."

"ಹುಲಿ ಬಂತೇನ ಅಜ್ಜಿ?"

"ಹುಲಿಗೇನ ಅವಸರಿಲ್ಲ. ನೀ ಹೊಸಿ."

ಊರು ಬಿಟ್ಟು ಸಿಂಗಸಂದ್ರಕ್ಕೆ ಬಂದ ಮೇಲೆ ನನಗೆ ಹೂಂ ಅನ್ನುತ್ತಿದ್ದವಳು ದಾನೇಶ್ವರಿ. ಸಿಂದಗಿ ಕಡೆಯವಳು, ಕಂಪನಿಯಲ್ಲಿ ನನ್ನದೇ ಲೈನಿನಲ್ಲಿ ಕೆಲಸ. ಮನೆಯೊಡತಿ ಅಂಜಿನಮ್ಮನವರ ಮಹಡಿಯ ಮೇಲಿನ ಶೀಟಿನ ಕೋಣೆಯಲ್ಲಿ ನಾಲ್ಕು ವರ್ಷ ಒಂದೇ ಗಡಿಗೆಯಲ್ಲಿ ಅನ್ನ ಮಾಡಿ ಉಂಡೆವು. ಆಮೇಲೆ ಅವಳಿಗೆ ಸಂಗಣ್ಣನ ಜೊತೆ ಮದುವೆಯಾಯಿತು. ಅವನು ಪೀಣ್ಯದಲ್ಲಿ ಲೇತ್ ಓಡಿಸುತ್ತಾನೆ. ಪೀಣ್ಯವೆಂದರೆ ಬೆಂಗಳೂರಿನ ಆ ತುದಿ, ನಮ್ಮದು ಈ ತುದಿ. ಒಂದೇ ಊರು ಅನ್ನುವುದು ನಾಮಫಲಕದಲ್ಲಿ ಮಾತ್ರ.

ದಾನೇಶ್ವರಿಯ ಮನೆತನದಲ್ಲಿ ಒಂದು ಪದ್ಧತಿ ಇದೆ. ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡುವ ದಿನ, ಅವಳ ಜೊತೆ ಒಂದೇ ಗಡಿಗೆಯಲ್ಲಿ ಉಂಡ ಗೆಳತಿ ತನ್ನ ಬಲಗೈಯಿಂದಲೇ ಹೊಸೆದ ಸೌತೆಬೀಜವನ್ನು ಅದೇ ಕೈಯ ಮುಷ್ಟಿಯಲ್ಲಿ ಹಿಡಿದು ತಂದು ಉಡಿಗೆ ಹಾಕಬೇಕು. ಅವತ್ತಿನ ಪಾಯಸ ಅದರದ್ದೇ. ಟ್ರಂಕು ಹಿಡಿದು ಮೆಟ್ಟಿಲಿಳಿಯುವಾಗ ಅವಳು ತಿರುಗಿ ನೋಡಿ ಕೇಳಿದ್ದಳು, "ಲೇ ಶೈಲಾ, ನನ್ನ ಕುಬಸಕ್ಕ ಮುಷ್ಟಿ ಯಾರದು?"

"ನಂದಬೇ. ಮತ್ತ್ಯಾರದು?"

"ಆಣಿ?"

"ಅಜ್ಜಿ ಆಣಿ."

ಅವಳ ಮೊದಲ ಬಸಿರು ಮೂರು ತಿಂಗಳಿಗೇ ಹೋಯಿತು. ಎರಡನೆಯದು ನಿಂತಾಗ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದರು. ನಾನು ಆಸ್ಪತ್ರೆಯಲ್ಲಿ ಮಲಗಿದ್ದದ್ದು ಸರಿಯಾಗಿ ಆಗಲೇ. ಅವಳ ಅತ್ತೆ ಮಹಾದೇವಿ ಫೋನಿನಲ್ಲಿ ನನ್ನ ಹತ್ತಿರ ಬೇಡಿಕೊಂಡರು: "ಆಕಿಗೆ ಎದಿ ಒಡಿಯೂ ಅಂತಾ ಸುದ್ದಿ ಹೇಳಬ್ಯಾಡವ್ವ, ನಿನ್ನ ಕಾಲ ಬೀಳ್ತೀನಿ." ಹಾಗಾಗಿ ದಾನೇಶ್ವರಿ ಹೆಂಗದಿ ಅಂದಾಗೆಲ್ಲ, "ಆರಾಮ ಅದೀನಿ. ಇವತ್ತ ಆರು ರೊಟ್ಟಿ ಬಡಿದೆ" ಅನ್ನುತ್ತಿದ್ದೆ. ಅವಳು ನಗುತ್ತಿದ್ದಳು. ವಿಡಿಯೋ ಕಾಲ್ ಬಂದರೆ ನೆಟ್‌ವರ್ಕ್ ಇಲ್ಲ ಅನ್ನುತ್ತಿದ್ದೆ. ಅವಳ ನಗು ಕೇಳಿ ಫೋನಿಟ್ಟ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಕಂಪನಿಯ ಗೆಳತಿಯರು ಮೊದಲ ತಿಂಗಳು ಬಂದರು, ಎರಡನೆಯ ತಿಂಗಳು ಮೆಸೇಜು ಹಾಕಿದರು. ಅಪ್ಪ ಪುಣೆಯಲ್ಲಿ ಬೇರೆ ಮನೆ ಮಾಡಿಕೊಂಡು ಬಹಳ ವರ್ಷವಾಗಿತ್ತು. ಸಂಜೆ ಹೊಸೂರು ರಸ್ತೆಯ ಮೇಲೆ ಹಳದಿ ಮೆಟ್ರೋ ದೀಪ ಹಚ್ಚಿಕೊಂಡು ಹೋಗುತ್ತಿತ್ತು. ಅದು ಡ್ರೈವರ್ ಇಲ್ಲದೆಯೂ ಓಡಬಲ್ಲದಂತೆ. ನನ್ನ ಕೈಗೆ ಡ್ರೈವರ್ ಇದ್ದೂ ಓಡುತ್ತಿರಲಿಲ್ಲ. ಕಿಟಕಿಯಲ್ಲಿ ಕೂತು ಒಬ್ಬಳೇ ಕಥೆ ಶುರುಮಾಡುತ್ತಿದ್ದೆ. ಏಳು ಹಳ್ಳ ದಾಟಿ ಅನ್ನುತ್ತಿದ್ದೆ. ಹೂಂ ಅನ್ನಲು ಯಾರೂ ಇಲ್ಲದೆ ಕಥೆ ಎಂಟನೆಯ ಹಳ್ಳದಲ್ಲಿ ಬೀಳುತ್ತಿತ್ತು.

ಕುಬಸ ಏಳನೆಯ ತಿಂಗಳಲ್ಲಿ ಅಂತ ಗೊತ್ತಾಯಿತು. ಅವಳು ಊರಿಗೆ ಹೋಗುವ ಹಾಗಿಲ್ಲ, ಪೀಣ್ಯದ ಮನೆಯಲ್ಲೇ. ನನಗೆ ಉಳಿದಿದ್ದದ್ದು ಹತ್ತು ವಾರ.

ಆಸ್ಪತ್ರೆಯಲ್ಲಿ ನನ್ನ ಕೈಗೆ ವ್ಯಾಯಾಮ ಮಾಡಿಸುತ್ತಿದ್ದವರು ವನಜಾ ಮೇಡಂ. ಹತ್ತು ವಾರದ ವಿಷಯ ಅವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಹೆಬ್ಬೆರಳನ್ನೇ ಒತ್ತಿ ಒತ್ತಿ ನೋಡಿದರು.

"ನಮ್ಮಲ್ಲಿ ಒಂದು ಸ್ಟಡಿ ನಡೀತಿದೆ ಕಣ್ರೀ. ಕೈ ಆಡ್ಸೋದಲ್ಲ, ಆಡಿಸ್ದಂಗೆ ಮನಸಲ್ಲಿ ನೆನೆಸ್ಕೊಳ್ಳೋದು. ಆಗ ಮೆದುಳಲ್ಲಿ ಏನಾಗುತ್ತೆ ಅಂತ ನೋಡ್ತಾರೆ. ಇದು ಚಿಕಿತ್ಸೆ ಅಲ್ಲ, ಕೈ ಬಂದೇಬರುತ್ತೆ ಅಂತ ನಾನು ಹೇಳಲ್ಲ. ಇಷ್ಟ ಇದ್ರೆ ಬನ್ನಿ."

ನೆನೆಸಿಕೊಳ್ಳುವುದಾ? ನನಗೆ ನಗು ಬಂತು. ನಾನು ಹುಟ್ಟಿದಾಗಿನಿಂದ ಮಾಡಿರುವ ಕೆಲಸ ಅದೊಂದೇ.

ಪ್ರಯೋಗದ ಕೋಣೆಯಲ್ಲಿ ಹರ್ಷವರ್ಧನ್ ಅನ್ನುವ ಸಂಶೋಧನಾ ವಿದ್ಯಾರ್ಥಿ ಇದ್ದ. ನನ್ನ ತಲೆಗೆ ಗುಂಡಿಗಳಿರುವ ಒಂದು ಟೋಪಿ ಹಾಕಿ, ಒಂದೊಂದು ಗುಂಡಿಯ ತೂತಿಗೂ ತಣ್ಣನೆಯ ಲೋಳೆ ತುಂಬಿದ. ಎದುರಿನ ಪರದೆಯ ಮೇಲೆ ಬಾಣ ಎಡಕ್ಕೆ ತೋರಿಸಿದರೆ ಎಡಗೈ ಆಡಿದ ಹಾಗೆ, ಬಲಕ್ಕೆ ತೋರಿಸಿದರೆ ಬಲಗೈ ಆಡಿದ ಹಾಗೆ ನೆನೆಸಿಕೊಳ್ಳಬೇಕು. ಕೈ ಮಾತ್ರ ಮಿಸುಕಬಾರದು.

"ಯಾವ ಕೆಲಸ ಬೇಕಾದ್ರೂ ನೆನೆಸ್ಕೊಬಹುದಾ ಸಾರ್?"

"ಕೈಗೆ ಚೆನ್ನಾಗಿ ಗೊತ್ತಿರೋ ಕೆಲಸ ಆಗ್ಬೇಕು. ಸಾರ್ ಅನ್ಬೇಡಿ ಮೇಡಂ, ನಂದಿನ್ನೂ ಪಿಎಚ್‌ಡಿನೇ ಮುಗ್ದಿಲ್ಲ."

ಬಾಣ ಬಲಕ್ಕೆ ಬಂದಾಗ ಕಣ್ಣು ಮುಚ್ಚಿದೆ. ಸೌತೆಬೀಜ. ತಟ್ಟನೆ ಬಂದುಬಿಟ್ಟಿತು: ಹಿಟ್ಟಿನುಂಡೆ, ಬೆರಳು, ಪಟಪಟನೆ ಮೊರಕ್ಕೆ ಉದುರುವ ಬೀಜ. ಸಿನಿಮಾದಷ್ಟು ಸ್ಪಷ್ಟ. ಇಷ್ಟು ಚೆನ್ನಾಗಿ ನೆನೆಸಿಕೊಳ್ಳುವ ಪೇಷಂಟು ಇವನಿಗೆ ಇನ್ನೊಬ್ಬಳು ಸಿಗಲಾರಳು ಅಂದುಕೊಂಡು ಒಳಗೊಳಗೇ ಜಂಬಪಟ್ಟೆ.

ಮುಗಿದ ಮೇಲೆ ಹರ್ಷವರ್ಧನ್ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. "ನೋಡಿ ಮೇಡಂ. ಕೈ ಸುಮ್ನಿದ್ದಾಗ ಮೆದುಳಲ್ಲಿ ಈ ಅಲೆ ಎದ್ದಿರುತ್ತೆ. ಕೈ ಆಡ್ಸಿದ್ರೆ, ಇಲ್ಲ ಆಡಿಸ್ದಂಗೆ ಬರೀ ನೆನೆಸ್ಕೊಂಡ್ರೂ ಅಲೆ ತಗ್ಗುತ್ತೆ. ಎದುರು ಕಡೆ ಜಾಸ್ತಿ ತಗ್ಗಬೇಕು. ಎಡಗೈ ಅಂದಾಗ ನಿಮ್ಮ ತಲೆ ಬಲಗಡೆ ಸಕ್ಕತ್ತಾಗಿ ತಗ್ತು. ಬಲಗೈ ಅಂದಾಗ ಎಡಗಡೆ ತಗ್ಗಬೇಕಿತ್ತಲ್ವಾ? ಅದು ಹಂಗೇ ನಿಂತಿದೆ. ಮತ್ತೆ ಬಲಗಡೇನೇ ಒಂಚೂರು ತಗ್ಗಿದೆ."

"ಅಂದ್ರ ತಂಗೀನ ಎದ್ದು ಓಡ್ಯಾಡಾಕತ್ತಾಳ."

"ಯಾವ ತಂಗಿ ಮೇಡಂ?"

"ಏನಿಲ್ಲ ಬಿಡ್ರಿ."

"ಸ್ಟ್ರೋಕ್ ಆದೋರಲ್ಲಿ ಹಿಂಗೆ ಆಗೋದುಂಟು. ಪೆಟ್ಟು ಬಿದ್ದ ಕಡೆ ಸುಮ್ನಿರುತ್ತೆ, ಚೆನ್ನಾಗಿರೋ ಕಡೆ ಅದರ ಕೆಲ್ಸಾನೂ ಎಳ್ಕೊಳ್ಳುತ್ತೆ."

ಮನೆಗೆ ಬಂದು ಬಚ್ಚಲಲ್ಲಿ ಒಂದೇ ಕೈಯಲ್ಲಿ ತಲೆ ತೊಳೆಯಲು ಕೂತೆ. ಲೋಳೆ ಹೋಗುತ್ತಿರಲಿಲ್ಲ. ಚೊಂಬು ಹಿಡಿದರೆ ಉಜ್ಜಲು ಕೈ ಇಲ್ಲ, ಉಜ್ಜಿದರೆ ಚೊಂಬು ಹಿಡಿಯಲು ಕೈ ಇಲ್ಲ. ಬಟ್ಟೆ ಒಣಹಾಕಲು ಮೇಲೆ ಬಂದಿದ್ದ ಅಂಜಿನಮ್ಮ ಬಾಗಿಲಲ್ಲಿ ನಿಂತು ನೋಡಿದರು.

"ಏನಮ್ಮೀ ಇದು, ತಲೆಗೆ ಗಂಜಿ ಉಯ್ಕೊಂಡ್ ಬಂದಿದ್ದೀಯಾ?"

"ಪರೀಕ್ಷೆ ಮಾಡಿದ್ರು ಅಮ್ಮ."

"ಕೈಗೆ ಬಂದಿರೋದು ಕಾಯ್ಲೆ, ತಲೆಗ್ಯಾಕೆ ಬಳಿದವ್ರೆ? ಇಂಗ್ ಬಗ್ಗು." ಸೀರೆ ಎತ್ತಿ ಕಟ್ಟಿಕೊಂಡು ಉಜ್ಜತೊಡಗಿದರು. ರಾಗಿ ಮುದ್ದೆ ತಿರುವಿ ತಿರುವಿ ಗಟ್ಟಿಯಾದ ಕೈ. ತಲೆಬುರುಡೆ ನೋಯುತ್ತಿತ್ತು. ಇನ್ನೊಬ್ಬರ ಕೈ ನನ್ನ ತಲೆಗೆ ತಾಗಿ ಎಷ್ಟು ದಿನವಾಗಿತ್ತು ಅಂದರೆ, ನೋವಾದರೂ ಬೇಡ ಅನ್ನಲಾಗಲಿಲ್ಲ. ಪರೀಕ್ಷೆ ಯಾಕೆ ಅಂತ ಕೇಳಿದರು, ಹೇಳಿದೆ.

"ಅಯ್, ಆ ಬೀಜ ಅಂಗಡೀಲೇ ಸಿಕ್ತದಲ್ಲಮ್ಮಿ. ನಿಮ್ ಕಡೆಯೋರ ರೊಟ್ಟಿ ಅಂಗಡೀಲಿ ಪ್ಯಾಕೆಟ್ ಮಾಡಿ ಮಡಗವ್ರೆ. ಇಲ್ಲಾಂದ್ರೆ ನಾನೇ ವಸಿ ಒಸ್ದು ಕೊಡ್ತೀನಿ. ಯಾರ್ ನೋಡ್ತಾರೆ?"

"ಅಜ್ಜಿ ಆಣೆ ಹಾಕಿದೀನಿ ಅಮ್ಮ."

"ಅಂಗಾದ್ರೆ ಆಗ್ಲಿ, ನಿನ್ ಪಾಡು ನಿಂದು" ಅಂದು ಇನ್ನೊಂದು ಚೊಂಬು ನೀರು ಸುರಿದರು.

ಎರಡನೆಯ ವಾರವೂ ಅಲೆ ತಗ್ಗಲಿಲ್ಲ. ಮೂರನೆಯ ವಾರವೂ ಇಲ್ಲ. ನಾನು ಇನ್ನಷ್ಟು ಗಟ್ಟಿಯಾಗಿ ನೆನೆಸಿದೆ. ಮೊರದ ಅಂಚು, ಬಳೆಯ ಸದ್ದು, ಹೊಸ್ತಿಲ ಮೇಲಿನ ಬಿಸಿಲು, ಎಲ್ಲವನ್ನೂ ಕರೆದೆ. ಹರ್ಷವರ್ಧನ್ ಮುಖ ಸಪ್ಪೆ ಮಾಡಿಕೊಂಡು ತಂತಿಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದ. ಕೊನೆಗೆ ವನಜಾ ಮೇಡಂ ಒಳಗೆ ಬಂದು ನನ್ನ ಪಕ್ಕ ಸ್ಟೂಲಿನಲ್ಲಿ ಕೂತರು.

"ಶೈಲಶ್ರೀ, ಕಣ್ಣು ಮುಚ್ಚಿ. ನೆನೆಸ್ಕೊಳ್ಳಿ. ಏನು ಕಾಣ್ತಿದೆ?"

"ಕೈ."

"ಹೆಂಗಿದೆ ಕೈ?"

"ಹಸಿರು ಬಳೆ ಅದಾವ್ರಿ. ಹೆಬ್ಬೆರಳ ಉಗುರು ಸೀಳಿದೆ. ಮುಂಗೈ ಮೇಲೆ ಹಚ್ಚೆ, ತುಳಸಿ ಕಟ್ಟೆದು."

ಅವರು ನನ್ನ ಬಲಗೈಯನ್ನು ಎತ್ತಿ ನನ್ನ ಮಡಿಲಲ್ಲೇ ಅಂಗಾತ ಇಟ್ಟು, ಆಮೇಲೆ ಬೋರಲು ಮಾಡಿದರು. "ಈಗ ಕಣ್ಣು ಬಿಡಿ. ಹಚ್ಚೆ ಎಲ್ಲಿದೆ?"

ಹಚ್ಚೆ ಇರಲಿಲ್ಲ. ನನ್ನ ಮುಂಗೈ ಮೇಲೆ ಯಾವತ್ತೂ ಇದ್ದದ್ದಲ್ಲ ಅದು. ಮೂರು ವಾರ ನಾನು ನೆನೆಸಿಕೊಂಡದ್ದು ಮರೆವ್ವನ ಕೈ. ಎಂಟು ವರ್ಷದ ಹಿಂದೆ ಮಣ್ಣಿಗೆ ಹೋದ ಕೈ ಹೊಸೆಯುತ್ತಿತ್ತು, ನಾನು ಅದರೆದುರು ಚಕ್ಕಂಬಕ್ಕಳ ಹಾಕಿ ಬಾಯಿ ತೆರೆದುಕೊಂಡು ಕೂತಿದ್ದೆ.

"ನೀವು ನೋಡ್ತಿದೀರಿ ಅಷ್ಟೇ ಕಣ್ರೀ" ಅಂದರು ಮೇಡಂ ಮೆಲ್ಲಗೆ. "ಅಜ್ಜಿ ಕೆಲಸ ಮಾಡ್ತಿದಾರೆ. ನಂಗೆ ಕಣ್ಣಿಗೆ ಕಾಣೋದು ಬೇಡ. ನಿಮ್ಮ ಬೆರಳಿಗೆ ಏನು ಗೊತ್ತಾಗ್ತಿತ್ತು, ಅದು ಬೇಕು. ಅಜ್ಜಿ ಕೈನ ಕಳಿಸ್ಬಿಡಿ."

ಕಳಿಸಿಬಿಡಿ ಅನ್ನುವುದು ಸುಲಭ. ಅಜ್ಜಿಯದು ಅಂತ ನನ್ನ ಹತ್ತಿರ ಒಂದು ಫೋಟೋ ಕೂಡ ಇಲ್ಲ. ಆ ಕೈ ಇನ್ನೂ ಬದುಕಿದ್ದದ್ದು ಅಲ್ಲೊಂದೇ ಕಡೆ. ಅವತ್ತು ಟೋಪಿ ತೆಗೆಸಿಕೊಂಡು ಮನೆಗೆ ಬಂದುಬಿಟ್ಟೆ. ಎರಡು ದಿನ ಏನನ್ನೂ ನೆನೆಸಿಕೊಳ್ಳಲಿಲ್ಲ. ಮೂರನೆಯ ದಿನ ದಾನೇಶ್ವರಿಯ ಫೋನು: "ಲೇ, ಹೊಟ್ಟ್ಯಾಗ ಒದಿಯಾಕತ್ತೈತಿ. ನಿನ್ನ ಪಾಯಸ ಬೇಕಂತ ಅದಕ್ಕ. ಎಷ್ಟ ಹೊಸದಿ?"

"ಅರ್ಧ ಮುಷ್ಟಿ ಆಗೈತಿ" ಅಂದೆ. ಒಂದೂ ಆಗಿರಲಿಲ್ಲ.

ಮುಂದಿನ ಸಲ ಬಾಣ ಬಲಕ್ಕೆ ತಿರುಗಿದಾಗ ಹಚ್ಚೆಯ ಕೈ ಎಂದಿನಂತೆ ಬಂತು. ಸಾಕು ಅಜ್ಜಿ, ನೀ ಒಳಗ ಹೋಗು, ನಾನು ಹೊಸಿತೀನಿ, ಅಂದೆ ಮನಸ್ಸಿನಲ್ಲಿ. ಕೈ ಸ್ವಲ್ಪ ಹೊತ್ತು ಹಿಟ್ಟಿನ ಮೇಲೆ ಹಾಗೇ ನಿಂತಿತ್ತು. ಆಮೇಲೆ ಕತ್ತಲು. ಕತ್ತಲಲ್ಲಿ ಏನೂ ಕಾಣಲಿಲ್ಲ. ಆದರೆ ಹೆಬ್ಬೆರಳ ಮೆತ್ತೆಗೆ ಏನೋ ತಣ್ಣಗೆ ತಾಗಿತು. ರವೆಯ ತರಿ. ಎಣ್ಣೆಯ ಜಾರು. ಒತ್ತಿದರೆ ಚಪ್ಪಟೆಯಾಗುತ್ತದೆ, ಒತ್ತದಿದ್ದರೆ ಉರುಳುವುದಿಲ್ಲ. ಆ ಎರಡರ ನಡುವಿನ ಒಂದು ಅಳತೆ ಬೆರಳಿಗೆ ಮಾತ್ರ ಗೊತ್ತು. ಹಿಟ್ಟು ಒಂದು ಸುತ್ತು ಉರುಳಿತು. ಬೀಜ ಬೆರಳ ತುದಿ ಬಿಟ್ಟು ಉದುರುವಾಗ ಬೆರಳು ಹಗುರವಾಗುವುದೂ ತಿಳಿಯಿತು.

"ಮೇಡಂ" ಅಂದ ಹರ್ಷವರ್ಧನ್. ಅವನ ದನಿ ಪಿಸುಗುಟ್ಟಿದ ಹಾಗಿತ್ತು. "ಎಡಗಡೆ ತಗ್ತಿದೆ. ಒಂಚೂರೇ. ಆದ್ರೆ ತಗ್ತಿದೆ."

ಅಕ್ಕ ಮಗ್ಗುಲು ಬದಲಿಸಿದಳು.

ಪವಾಡ ಅಂತ ಯಾರೂ ಅನ್ನಲಿಲ್ಲ, ವನಜಾ ಮೇಡಂ ಅನ್ನಲು ಬಿಡಲೂ ಇಲ್ಲ. ಅಲೆ ತಗ್ಗಿದರೆ ಬೆರಳು ಏಳುತ್ತದೆ ಅಂತ ಲೆಕ್ಕವಿಲ್ಲ, ವ್ಯಾಯಾಮ ಬಿಡಬೇಡಿ ಅಂದರು. ಬೆಳಿಗ್ಗೆ ಕಾಲು ಗಂಟೆ ಬರೀ ನೆನೆಸುತ್ತಿದ್ದೆ, ನೋಡದೆ. ಆಮೇಲೆ ಅವರು ಹೇಳಿಕೊಟ್ಟಂತೆ ಎಡಗೈಯನ್ನು ಟವೆಲಿನಲ್ಲಿ ಸೊಂಟಕ್ಕೆ ಕಟ್ಟಿ, ಹಿಟ್ಟಿನುಂಡೆಯನ್ನು ಮಣೆಗೆ ಅಂಟಿಸಿ ಬಲಗೈಯಲ್ಲೇ ಚಿವುಟಲು ನೋಡುತ್ತಿದ್ದೆ. ಕಟ್ಟದಿದ್ದರೆ ಎಡಗೈ ಕಳ್ಳಬೆಕ್ಕಿನ ಹಾಗೆ ಬಂದು ತಾನೇ ಹೊಸೆದುಬಿಡುತ್ತಿತ್ತು. ಮೊದಲ ವಾರ ಹಿಟ್ಟು ಒಣಗಿ ಕಲ್ಲಾಯಿತು. ಎರಡನೆಯ ವಾರದ ಗುರುವಾರ, ಅಂಜಿನಮ್ಮ ಕೆಳಗೆ ಹೂವಿನವಳ ಜೊತೆ ಜಗಳವಾಡುತ್ತಿದ್ದ ಹೊತ್ತಿಗೆ, ಒಂದು ಬೀಜವಾಯಿತು. ಒಂದು ಕಡೆ ಚೂಪು, ಇನ್ನೊಂದು ಕಡೆ ಬೋಡು. ಅಂಗೈಯಲ್ಲಿಟ್ಟುಕೊಂಡು ಕೂತೆ. ತೋರಿಸಲು ಯಾರೂ ಇರಲಿಲ್ಲ. ಕಣ್ಣು ಮುಚ್ಚಿ ಅಜ್ಜಿಯ ಕೈಯನ್ನು ಕರೆದೆ. ಬರಲಿಲ್ಲ. ಎಷ್ಟು ಕರೆದರೂ ನನ್ನ ಬೆರಳ ಉರಿಯೊಂದೇ ತಿಳಿಯುತ್ತಿತ್ತು. ಅವತ್ತು ಅತ್ತೆ.

ದಿನಕ್ಕೆ ಮೂರು, ಏಳು, ಹನ್ನೆರಡು. ಮಹಡಿಯ ಮೇಲೆ ಹಳೇ ಸೀರೆಯಲ್ಲಿ ಒಣಹಾಕುತ್ತಿದ್ದೆ. ಕುಬಸದ ಹಿಂದಿನ ದಿನ ಅಳೆದು ನೋಡಿದೆ. ಎಡಗೈಯಿಂದ ಬಲ ಅಂಗೈಗೆ ಸುರಿದೆ, ಬೆರಳು ಮಡಚಿದವು. ಮುಷ್ಟಿ ತುಂಬಿತ್ತು! ಆದರೆ ಬೆರಳು ತಿರುಗಿ ಬಿಚ್ಚಲಿಲ್ಲ. ಎಡಗೈಯಿಂದ ಒಂದೊಂದೇ ಬೆರಳು ಎತ್ತಿ ಬಿಡಿಸಬೇಕಾಯಿತು. ಹೊಸೆಯುವ ಗಡಿಬಿಡಿಯಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಮೇಡಂ ಮೊದಲೇ ಹೇಳಿದ್ದರು, ಈ ಕಾಯಿಲೆಯಲ್ಲಿ ಮುಚ್ಚುವುದು ಸುಲಭ, ಬಿಚ್ಚುವುದೇ ಕಷ್ಟ ಅಂತ.

ಮರುದಿನ ಬೀಜದ ಡಬ್ಬಿ ಹಿಡಿದುಕೊಂಡು ಹಳದಿ ಮೆಟ್ರೋ ಹತ್ತಿದೆ, ಆರ್‌.ವಿ. ರೋಡಿನಲ್ಲಿ ಇಳಿದು ಹಸಿರು ಮೆಟ್ರೋ. ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಬಿಚ್ಚುವುದೊಂದನ್ನೇ ನೆನೆಸಿದೆ. ಎದುರಿಗೆ ಕೂತಿದ್ದವರು ನಾನು ನಿದ್ದೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

ಪೀಣ್ಯದ ಆ ಒಂದೂವರೆ ಕೋಣೆಯ ಮನೆಯಲ್ಲಿ ಹೆಂಗಸರು ತುಂಬಿದ್ದರು. ಪಕ್ಕದ ಶೆಡ್ಡಿನಿಂದ ಕಬ್ಬಿಣ ಕೊರೆಯುವ ಸದ್ದು. ದಾನೇಶ್ವರಿ ಹಸಿರು ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದಳು, ಮುಖ ಹುಣ್ಣಿಮೆಯಾಗಿತ್ತು. ಹೊಸ್ತಿಲ ಹೊರಗೇ ನಿಂತು, ಮಹಾದೇವಿಯವರಿಂದ ಡಬ್ಬಿ ಬಿಚ್ಚಿಸಿ, ಬಲಗೈಗೆ ಸುರಿಸಿಕೊಂಡೆ. ಅವರು ಬೀಜ ನೋಡಿ ನಕ್ಕುಬಿಟ್ಟರು. "ಯವ್ವಾ ತಾಯಿ, ಇವು ಸೌತಿ ಬೀಜನೋ ಕುಂಬಳ ಬೀಜನೋ?" ಆಮೇಲೆ ನನ್ನ ಕೈ ನೋಡಿದರು. ನಗು ಅಲ್ಲಿಗೇ ನಿಂತಿತು.

ಒಳಗೆ ಹೋದೆ. ಕಾಲು ಎಳೆಯುವುದನ್ನು ಅವಳು ಮೊದಲು ಕಂಡಳು, ಆಮೇಲೆ ಕೈ. ಸೆರಗು ಚಾಚಿ ಉಡಿ ಒಡ್ಡಿದಳು. ಅದರ ಮೇಲೆ ಮುಷ್ಟಿ ಹಿಡಿದೆ. ಬಿಚ್ಚು ಅಂದೆ. ಬಿಚ್ಚಲಿಲ್ಲ. ಹೆಂಗಸರು ಹಾಡು ನಿಲ್ಲಿಸಿದರು. ಯಾರೋ ಅಂದರು, "ಎಡಗೈಲೆ ಬಿಡಿಸಿ ಹಾಕಲಿ ಬಿಡ್ರಿ, ಪಾಪ."

"ಯಾರೂ ಮುಟ್ಟಬ್ಯಾಡ್ರಿ" ಅಂದಳು ದಾನೇಶ್ವರಿ. ನನ್ನ ಕಡೆ ತಿರುಗಿ, "ಆರು ರೊಟ್ಟಿ ಬಡಿದೆ ಅಂತಿದ್ದಿ."

"ಸುಳ್ಳ ಹೇಳಿದ್ದೆ."

"ಗೊತ್ತಾತು." ಅವಳ ಕಣ್ಣು ತುಂಬಿದ್ದವು, ಉಡಿ ಮಾತ್ರ ಅಲುಗಲಿಲ್ಲ. "ಕೈ ನಿಂತ್ರ ಕಥಿ ನಿಲ್ತಿತ್ತಲ್ಲ. ಕಥಿ ನಡದ್ರ ಕೈ ನಡೀಬೇಕು. ಹೇಳು."

ಕಣ್ಣು ಮುಚ್ಚಿದೆ. ಬೀಜದ ಚೂಪು ಬೋಡು ತುದಿಗಳು ಅಂಗೈಗೆ ಚುಚ್ಚುತ್ತಿದ್ದವು. ಅದೊಂದನ್ನೇ ಹಿಡಿದುಕೊಂಡೆ.

"ಏಳು ಹಳ್ಳ ದಾಟಿ" ಅಂದೆ.

"ಹೂಂ."

"ಏಳು ದಿನ್ನಿ ಹತ್ತಿಳಿದ್ರ ಒಂದು ಅರಮನಿ."

"ಹೂಂ."

"ಎಡಗೋಪುರದಾಗ ಅಕ್ಕ ಮಲಗಿದ್ಲು."

"ಹೂಂ."

ಮೊದಲು ಕಿರುಬೆರಳ ಬುಡ ಹಗುರವಾಯಿತು. ಆಮೇಲೆ ಉಳಿದವು, ಒಂದರ ಹಿಂದೊಂದು, ಬಹಳ ತಡವಾಗಿ. ಬೀಜ ಪಟಪಟನೆ ಅವಳ ಉಡಿಗೆ ಉದುರಿದವು.